ಅವ್ವನ ಎಡಗಲ್ಲದ ನೆರಳು

"ಇದು ಚೆಂಡಲ್ಲ ಜ್ಯೋತಿ, ಬಲ್ಬು," ಅಂದರು ಅಕ್ಷತಾ ಮೇಡಂ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಜ್ಯೋತಿಲಕ್ಷ್ಮಿ ಪರದೆಯ ಮೇಲಿನ ತನ್ನ ಚೆಂಡನ್ನೇ ನೋಡುತ್ತ ಕೂತಳು. ಅವಳ ಕಣ್ಣಿಗೆ ಅದು ಚೆನ್ನಾಗಿಯೇ ಇತ್ತು. ದುಂಡಗಿತ್ತು, ನುಣುಪಾಗಿತ್ತು, ನಡುವೆ ಹೊಳೆಯುತ್ತಿತ್ತು. ಅಂಚಿಗೆ ಸುತ್ತಲೂ ಬೆಳಕಿನ ಬಳೆಯನ್ನೂ ಕೊಟ್ಟಿದ್ದಳು.

"ಬೆಳಕು ಯಾವ ಕಡಿಯಿಂದ ಬರಾಕತ್ತೈತಿ, ಹೇಳು."

"ಎಲ್ಲಾ ಕಡಿಯಿಂದಾನೂ ಮೇಡಂ."

"ಎಲ್ಲಾ ಕಡಿಯಿಂದ ಬಂದ್ರ ಅದು ದುಂಡಗೈತಿ ಅಂತ ನೋಡೋರಿಗೆ ಹೆಂಗ ಗೊತ್ತಾಗಬೇಕು? ಒಂದ ಕಡಿಯಿಂದ ಬೆಳಕು. ಇನ್ನೊಂದು ಕಡಿ ನೆರಳು. ಅಳಿಸು, ಮತ್ತ ಮಾಡು."

ಅಳಿಸಿದಳು. ಅಳಿಸುವುದೇ ಇಲ್ಲಿನ ಮುಖ್ಯ ಪಾಠ ಎಂದು ಅವಳಿಗೆ ಆಗಲೇ ಅನ್ನಿಸತೊಡಗಿತ್ತು.

ಗಾಂಧಿನಗರದ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಈ ಡಿಜಿಟಲ್ ಚಿತ್ರಕಲೆಯ ತರಗತಿ ನಡೆಯುತ್ತಿತ್ತು. ಸೇರುವಾಗ ಜ್ಯೋತಿ ಏನೇನೋ ಅಂದುಕೊಂಡಿದ್ದಳು. ಕಾಡು, ಕುದುರೆ, ಮಕ್ಕಳ ಪುಸ್ತಕಗಳಲ್ಲಿ ಇರುವಂಥ ಊರುಗಳು. ಬಂದ ಮೇಲೆ ಸಿಕ್ಕಿದ್ದು ಕಪ್ಪು, ಬಿಳುಪು, ನಡುವೆ ಮೂರು ಥರದ ಬೂದು. ಡಬ್ಬಿ, ಚೆಂಡು, ಕೊಡ, ಕುರ್ಚಿಯ ಮೇಲೆ ಎಸೆದ ಟವೆಲ್ಲು. ಮೊದಲ ಹಂತ ಮುಗಿಯುವವರೆಗೆ ಬಣ್ಣ ಮುಟ್ಟುವಂತಿರಲಿಲ್ಲ.

ಅವಳ ಸಿಟ್ಟಿಗೆ ಬೇರೆ ಕಾರಣವಿತ್ತು. ಆ ತರಗತಿಯಲ್ಲಿ ಸಾಫ್ಟ್‌ವೇರ್ ಮೊದಲೇ ಗೊತ್ತಿದ್ದವಳು ಅವಳೊಬ್ಬಳೇ. ಉಳಿದವರು ಬ್ರಷ್ ಎಲ್ಲಿದೆ ಎಂದು ಹುಡುಕುವಾಗ ಇವಳು ಎಡಗೈಯ ಬೆರಳುಗಳಿಂದ ಕೀಬೋರ್ಡಿನ ಕೀಲಿ ಒತ್ತಿಯೇ ಎಲ್ಲ ಮಾಡುತ್ತಿದ್ದಳು. ಕೌಲ್ ಬಜಾರಿನ ಖಾಜಾ ಭಾಯ್ ಅವರ ಫ್ಲೆಕ್ಸ್ ಅಂಗಡಿಯಲ್ಲಿ ಎರಡು ವರ್ಷದಿಂದ ಬ್ಯಾನರ್ ಮಾಡುತ್ತಿದ್ದಳು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾವುದೇ ಇರಲಿ, ಗಿರಾಕಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಇರುತ್ತಿತ್ತು. ಅಂಥವಳ ಚೆಂಡು ವಾಪಸ್ಸು ಬರುತ್ತಿತ್ತು. ಬ್ರಷ್ ಹಿಡಿಯಲು ಬಾರದವರ ಸೊಟ್ಟ ಚೆಂಡುಗಳಿಗೆ ಮೇಡಂ "ಹಾಂ, ಮುಂದಕ್ಕ ಹೋಗು" ಅನ್ನುತ್ತಿದ್ದರು.

"ಅವರಿಗೆ ಏನೂ ಬರಂಗಿಲ್ಲ, ಅದಕ್ಕ ಹೇಳಿದ್ದು ಮಾಡ್ತಾರ," ಎಂದು ಒಂದು ದಿನ ಮೇಡಂ ಅವಳ ಮುಖಕ್ಕೇ ಅಂದಿದ್ದರು. "ನಿನಗ ಬಾಳ ಬರ್ತೈತಿ. ಅದ ತೊಂದ್ರಿ."

ಮಧ್ಯಾಹ್ನದ ಮೇಲೆ ಅಂಗಡಿ. ಆ ದಿನ ಕುರುಗೋಡಿನಿಂದ ದೊಡ್ಡಬಸವರಾಜ ಅನ್ನುವವರು ಬಂದಿದ್ದರು. ಗೊಬ್ಬರದ ಅಂಗಡಿಯವರು. ತಂದೆಯ ಮೊದಲ ವರ್ಷದ ಪುಣ್ಯಸ್ಮರಣೆಗೆ ಬ್ಯಾನರ್ ಬೇಕಿತ್ತು. ಫೋನಿನಲ್ಲಿ ಒಂದೇ ಫೋಟೋ ಇತ್ತು. ಮುದುಕ ಬೇವಿನ ಮರದ ಕೆಳಗೆ ಕೂತಿದ್ದ. ತಲೆಯ ರುಮಾಲಿನ ನೆರಳು ಹಣೆ, ಕಣ್ಣುಗಳನ್ನು ದಾಟಿ ಮೂಗಿನ ತನಕ ಇಳಿದಿತ್ತು.

"ಇದೊಂದ ಐತಿ ನೋಡಮ್ಮ. ಅಪ್ಪಾಜಿ ಫೋಟೋ ಅಂದ್ರ ಓಡಿಹೋಗಾಂವ."

"ಆಗ್ಲಿ ಬಿಡ್ರಿ, ಮಾಡಾಣ."

"ಈ ಕಪ್ಪು ತೆಗೀಬೇಕು. ಮುಖ ತೊಳದಂಗ ಬರಬೇಕು."

ಜ್ಯೋತಿ ತೆಗೆದಳು. ಇದು ದಿನವೂ ಮಾಡುವ ಕೆಲಸ. ಬ್ಯಾನರಿನ ಮುಖದಲ್ಲಿ ನೆರಳಿದ್ದರೆ ಗಿರಾಕಿ ಅದನ್ನು ನೆರಳು ಅನ್ನುವುದಿಲ್ಲ, "ಪ್ರಿಂಟ್ ಕಪ್ಪು ಹೊಡದೈತಿ" ಅನ್ನುತ್ತಾನೆ. ಅದಕ್ಕೇ ಈ ಅಂಗಡಿಯಲ್ಲಿ ಯಾವ ಮುಖವೂ ಯಾವ ಮರದ ಕೆಳಗೂ ಕೂರುವುದಿಲ್ಲ.

"ಇನ್ನೊಂದು ಚೂರು," ಅಂದರು ದೊಡ್ಡಬಸವರಾಜ. "ಹಾಂ. ಇನ್ನೊಂದು ಚೂರು."

"ಸಾಹುಕಾರ್ರ, ಇನ್ನಾ ತಿಳಿ ಮಾಡಿದ್ರ ಅಪ್ಪಾಜಿ ಕಾಣಂಗಿಲ್ಲ, ಬರೀ ರುಮಾಲ ಕಾಣ್ತದ," ಎಂದರು ಖಾಜಾ ಭಾಯ್ ಒಳಗಿನಿಂದ, ಪ್ರಿಂಟರಿಗೆ ಫ್ಲೆಕ್ಸ್ ಸುರುಳಿ ಏರಿಸುತ್ತ.

"ನೀ ಸುಮ್ಕಿರೋ ಖಾಜಾ. ಮಾಡಮ್ಮ ನೀ. ಹಾಂ, ಈಗ ಆತು ನೋಡು. ಈಗ ಬಂದ ಅಪ್ಪಾಜಿ."

'ಆತು' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜ್ಯೋತಿಯ ಎಡಗೈ ಕೀಲಿಗಳ ಮೇಲೆ ಓಡಿತು. ಪದರಗಳನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡಿತು, ಉಳಿಸಿತು, ಮುಚ್ಚಿತು. ಇದು ಅಂಗಡಿಯ ಕಾಯಿದೆ. ಚಿತ್ರವನ್ನು ಮಾಡುವಾಗ ಹಿನ್ನೆಲೆ ಒಂದು ಪದರ, ಮುಖ ಒಂದು ಪದರ, ಅಕ್ಷರ ಒಂದು ಪದರ, ಹೀಗೆ ಒಂದರ ಮೇಲೊಂದು ಹಾಳೆಯಂತೆ ಬೇರೆ ಬೇರೆ ಇರುತ್ತವೆ. ಯಾವುದನ್ನು ಬೇಕಾದರೂ ತೆಗೆಯಬಹುದು, ಬದಲಿಸಬಹುದು. ಗಿರಾಕಿ ಒಪ್ಪಿದ ಮೇಲೆ ಅವು ಇರಬಾರದು.

"ಲೇಯರ್ ಇಟ್ಟುಕೊಂಡು ಕೂತ್ರ ನಾಳಿ ಬಂದು ಮಾವನ ಫೋಟೋ ಸೇರ್ಸು ಅಂತಾನ, ನಾಡಿದ್ದು ಬಂದು ಮಾವನ್ನ ತೆಗಿ ಅಂತಾನ," ಎಂದು ಖಾಜಾ ಭಾಯ್ ಮೊದಲ ವಾರವೇ ಕಲಿಸಿದ್ದರು. "ಆತು ಅಂದ್ರ ಮುಗೀತು ಬೇಟಿ. ಒಂದು ಮಾಡು, ಪ್ರಿಂಟ್ ಹೊಡಿ, ಮರೀ."

ಪ್ರಿಂಟು ಹೊರಗೆ ಬರುವಾಗ ಜ್ಯೋತಿ ಮುದುಕನ ಮುಖ ನೋಡಿದಳು. ಬೆಳಿಗ್ಗೆ ಚೆಂಡಿನ ಮುಂದೆ ಕೂತು ಬಂದ ಕಣ್ಣಿಗೆ ಒಂದು ವಿಷಯ ಕಂಡಿತು. ಅವನಿಗೆ ಮೂಗಿರಲಿಲ್ಲ. ಎರಡು ಹೊಳ್ಳೆಗಳಿದ್ದವು, ಮೂಗಿರಲಿಲ್ಲ. ಗಲ್ಲವೂ ಮೂಗೂ ಒಂದೇ ಮಟ್ಟಕ್ಕೆ ಬಂದು ಮುಖ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ದೊಡ್ಡಬಸವರಾಜ ಅದಕ್ಕೆ ಕೈಮುಗಿದು, ಸುತ್ತಿಸಿಕೊಂಡು ಹೋದರು. ಮೇಡಂ ಹೇಳಿದ್ದು ಸರಿ ಎಂದು ಗೊತ್ತಾದದ್ದು ಅವಳಿಗೆ ಸಂತೋಷ ಕೊಡಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಜನರ ಮೂಗು ತೆಗೆದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟಳು.

ಗೊತ್ತಾಗುವುದು ಬೇರೆ, ಕೈಗೆ ಬರುವುದು ಬೇರೆ. ಮೊದಲ ಹಂತದ ಕೊನೆಯ ಕೆಲಸ ಒಂದು ಮುಖ. ಎದುರಿಗೆ ಕೂರಿಸಿಕೊಂಡು ಬರೆಯಬೇಕು, ಫೋಟೋ ನೋಡಿ ಅಲ್ಲ. ಒಂದೇ ಕಡೆಯ ಬೆಳಕು, ಬಣ್ಣವಿಲ್ಲ. ಜ್ಯೋತಿ ಹಾಸ್ಟೆಲಿನ ಶೀಲಾಳನ್ನು ಕಿಟಕಿಯ ಪಕ್ಕ ಕೂರಿಸಿ ಬರೆದಳು. ನೆರಳು ಹಾಕಿದಳು, ಹಾಕಿದ್ದು ಕೊಳೆಯ ಹಾಗೆ ಕಂಡಿತು, ಸ್ವಲ್ಪ ಒರೆಸಿದಳು. ಮತ್ತೆ ಹಾಕಿದಳು, ಮತ್ತೆ ಒರೆಸಿದಳು. ಕೊನೆಗೆ ಉಳಿದದ್ದು ನೆರಳಿಲ್ಲದ ಶೀಲಾ.

"ಇಕಿ ಏನು ಟ್ಯೂಬ್‌ಲೈಟ್ ನುಂಗ್ಯಾಳೇನು?" ಅಂದರು ಅಕ್ಷತಾ ಮೇಡಂ. ಈ ಸಲ ಯಾರೂ ನಗಲಿಲ್ಲ, ಮೇಡಂ ಕೂಡ.

ತರಗತಿ ಖಾಲಿಯಾದ ಮೇಲೆ ಅವಳನ್ನು ನಿಲ್ಲಿಸಿಕೊಂಡರು. ಮೇಡಂ ಅವರದು ಬಳ್ಳಾರಿಯಲ್ಲೇ ಹಳೆಯ ಮನೆತನ. ಹೊರಗೆ ಹೋಗಿ ಕಲಿತು, ಕೆಲಸ ಮಾಡಿ, ತಿರುಗಿ ಬಂದವರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ.

"ನೋಡಮ್ಮ, ಎರಡನೇ ಹಂತಕ್ಕ ಫೀ ಇಲ್ಲದ ಸೀಟು ಒಂದ ಐತಿ. ನಿನಗ ಕೊಡಬೇಕು ಅಂತ ಇಟ್ಟೀನಿ. ಆದ್ರ ಮುಖ ಪಾಸಾಗಬೇಕು. ಸೋಮವಾರ ತಗೊಂಡು ಬಾ. ಫೈಲಿನಾಗ ಲೇಯರ್ ಎಲ್ಲಾ ಇರಬೇಕು. ಹೆಂಗ ಕಟ್ಟೀದಿ ಅಂತ ನಾ ನೋಡಬೇಕು. ಆಗಲಿಲ್ಲ ಅಂದ್ರ ಸೀಟು ಮುಂದಿನ ಬ್ಯಾಚಿಗೆ ಹೋಗ್ತೈತಿ. ಆಮ್ಯಾಲ ಮೇಡಂ ಅಂತ ಅಳಬ್ಯಾಡ."

"ನಾ ಅಳಂಗಿಲ್ಲ ಮೇಡಂ."

"ಗೊತ್ತೈತಿ. ನೀ ಗುರ್ ಅಂತಿ."

ಎರಡನೇ ಹಂತ ಅಂದರೆ ಬಣ್ಣ, ಕಥೆಯ ಚಿತ್ರ, ಮಕ್ಕಳ ಪುಸ್ತಕದ ಕೆಲಸ. ಅದು ಸಿಕ್ಕರೆ ಮುಂದೆ ಚಿತ್ರ ಬರೆದು ಬದುಕಬಹುದು. ಸಿಗದಿದ್ದರೆ ಮಾವನನ್ನು ಸೇರಿಸುವುದು, ಮಾವನನ್ನು ತೆಗೆಯುವುದು. ಜ್ಯೋತಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾವುದೂ ಗೊತ್ತಿರಲಿಲ್ಲ.

ಭಾನುವಾರ ಖಾಜಾ ಭಾಯ್ ಅವರ ಹಳೆಯ ಲ್ಯಾಪ್‌ಟಾಪ್, ತರಗತಿಯ ಪೆನ್ ಟ್ಯಾಬ್ಲೆಟ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಅಲ್ಲಿಂದ ತನ್ನೂರು ರಾರಾವಿಗೆ ಟೆಂಪೋ. ಅವ್ವ ಹಂಪಮ್ಮನಿಗೆ ಹಿಂದಿನ ದಿನವೇ ಫೋನ್ ಮಾಡಿ, ಗದ್ದೆಗೆ ಕಳೆ ತೆಗೆಯಲು ಹೋಗಬೇಡ, ನಿನ್ನ ಚಿತ್ರ ಬರೆಯಬೇಕು, ಅದರ ಮೇಲೆ ಸೀಟು ನಿಂತಿದೆ ಎಂದಿದ್ದಳು.

ಹಂಪಮ್ಮ ತಯಾರಾಗಿ ಕೂತಿದ್ದಳು. ತಂಗಿಯ ಮಗಳ ಮದುವೆಗೆ ತಂದಿದ್ದ ಹಳದಿ ಸೀರೆ, ಕಿವಿಗೆ ವಾಲೆ, ಮುಖದ ತುಂಬ ಪೌಡರು. ಪೌಡರು ಕುತ್ತಿಗೆಯ ಹತ್ತಿರ ನಿಂತುಬಿಟ್ಟಿತ್ತು.

"ಅವ್ವಾ, ಪೌಡರ್ ಒರಸಿಕೋ."

"ಯಾಕ?"

"ನೆರಳು ಕಾಣಂಗಿಲ್ಲ."

"ಕಾಣಬಾರ್ದು ಅಂತನ ಹಚ್ಚಿಕೊಂಡೀನಿ ಕಣಲೇ."

ಜ್ಯೋತಿ ಅವ್ವನನ್ನು ಹೊಸಿಲ ಒಳಗೆ, ಬಲಗಲ್ಲ ಬಾಗಿಲ ಕಡೆಗೆ ಬರುವಂತೆ ಕೂರಿಸಿದಳು. ಪೌಡರು ಒರೆಸುವುದಕ್ಕೆ ಸ್ವಲ್ಪ ಜಗಳವಾಯಿತು. ನಗಬಾರದು ಎಂದದ್ದಕ್ಕೆ ಇನ್ನೊಂದು ಜಗಳ. ಪಕ್ಕದ ಮನೆಯ ಗಂಗಕ್ಕ ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಬಂದು ಕಂಬಕ್ಕೆ ಒರಗಿ ಕೂತಳು.

"ಫೋಟೋ ಹೊಡದ್ರ ಒಂದು ಚಿಟಿಕಿ ಕೆಲಸಲ್ಲೇನಲೇ ಜ್ಯೋತಿ? ಇದೇನು ಆಕಿನ್ನ ಮದಲಗಿತ್ತಿ ಕುಂದ್ರಿಸಿದಂಗ ಕುಂದ್ರಿಸೀದಿ?"

"ಫೋಟೋ ನಡಿಯಂಗಿಲ್ಲ ಗಂಗಕ್ಕ."

"ಹಂಗಾರ ಇದು ಫೋಟೋಕಿಂತ ಚಲೋ ಬರ್ತೈತಿ?"

ಜ್ಯೋತಿ ಪೆನ್ನು ಹಿಡಿದು ಶುರು ಮಾಡಿದಳು. ಮೊದಲ ಒಂದು ತಾಸು ಹಾಳಾಯಿತು. ಬಲಗೈ ಪೆನ್ನಿನಿಂದ ನೆರಳು ಹಾಕಿದರೆ ಎಡಗೈ ತಾನಾಗಿ ಕೀಲಿ ಒತ್ತಿ ಅದನ್ನು ತಿಳಿ ಮಾಡುತ್ತಿತ್ತು. ಅವಳಿಗೆ ಗೊತ್ತಾಗುವಷ್ಟರಲ್ಲಿ ಆಗಿಹೋಗುತ್ತಿತ್ತು. ಸಿಟ್ಟು ಬಂದು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. ಒಂದೇ ಕೈಯಲ್ಲಿ, ತರಗತಿಯ ಉಳಿದವರಂತೆ, ಪ್ರತಿಯೊಂದನ್ನೂ ಹುಡುಕಿ ಹುಡುಕಿ ಮಾಡಿದಳು.

ಆಮೇಲೆ ಕೆಲಸ ನಡೆಯಿತು. ಅವ್ವನ ಬಲಗಲ್ಲಕ್ಕೆ ಬಾಗಿಲ ಬೆಳಕು ಬಿದ್ದು ಮೂಗಿನ ಏಣಿನ ಮೇಲೆ ನಿಂತುಬಿಡುತ್ತಿತ್ತು. ಅಲ್ಲಿಂದ ಆಚೆ ಎಡಗಲ್ಲ ಪೂರ್ತಿ ಕತ್ತಲು. ಕಣ್ಣಿನ ಗುಳಿ ಕತ್ತಲು. ಎಡಗಿವಿ ಕಾಣುತ್ತಲೇ ಇರಲಿಲ್ಲ, ವಾಲೆಯ ಹರಳು ಮಾತ್ರ ಒಂದು ಚುಕ್ಕಿ. ಗದ್ದದ ಅಡಿಗೆ ಮಾತ್ರ ಕತ್ತಲು ಪೂರ್ತಿ ಇರಲಿಲ್ಲ. ಹಳದಿ ಸೀರೆಯ ಮೇಲೆ ಬಿದ್ದ ಬೆಳಕು ತಿರುಗಿ ಮೇಲಕ್ಕೆ ಹೊಡೆದು ಅಲ್ಲೊಂದು ತೆಳು ಬೂದು ಮಾಡಿತ್ತು. ಮೇಡಂ ಬಿಳಿ ಬಟ್ಟೆಯ ಮೇಲೆ ಚೆಂಡಿಟ್ಟು ಇದನ್ನೇ ತೋರಿಸಲು ಒಂದು ವಾರ ಗಂಟಲು ಹರಿದುಕೊಂಡಿದ್ದರು. ಆಗ ಯಾರಿಗೂ ಕಂಡಿರಲಿಲ್ಲ. ಇಲ್ಲಿ ಕಂಡಿತು. ಕಂಡದ್ದನ್ನು ಕಂಡಷ್ಟೇ ಹಾಕಿದಳು. ಹಾಕಿದ ಮೇಲೆ ಪರದೆಯಿಂದ ಅವ್ವನ ಮುಖ ಮುಂದಕ್ಕೆ ಬಂತು. ಮೂಗಿತ್ತು. ಮೂಳೆಯಿತ್ತು. ಇದು ಪಾಸಾಗುತ್ತದೆ ಎಂದು ಅವಳಿಗೆ ಗೊತ್ತಾಯಿತು.

"ತೋರ್ಸು," ಅಂದಳು ಹಂಪಮ್ಮ.

ಲ್ಯಾಪ್‌ಟಾಪ್ ತಿರುಗಿಸಿದಳು. ಹಂಪಮ್ಮ ನೋಡಿದಳು. ಗಂಗಕ್ಕನೂ ಮೊರ ಕೆಳಗಿಟ್ಟು ನೋಡಿದಳು.

"ಯಪ್ಪಾ, ಮಸಿ ಹಿಡದ ರೊಟ್ಟಿ ಹಂಚು," ಅಂದಳು ಗಂಗಕ್ಕ.

ಹಂಪಮ್ಮ ಎದ್ದು ಒಳಗೆ ಹೋದಳು. ನೀರು ಕುಡಿದು ಬಂದಳು.

"ಅಳಿಸಿಬಿಡು ಇದನ್ನ."

"ಅವ್ವಾ, ಇದು ನೆರಳು. ನಿನ್ನ ಬಣ್ಣ ಅಲ್ಲ."

"ಊರಾಗ ಹಂಪಮ್ಮ ಅನ್ನೋರು ನಾಲ್ಕು ಮಂದಿ ಅದೀವಿ. ನಾಟಿ ಹಚ್ಚಾಕ ಕರೆಯೋರು ನನಗ ಏನಂತಾರ ಗೊತ್ತೈತಲ್ಲ? ಕರಿ ಹಂಪಿ. ಇಷ್ಟು ವರ್ಷ ಬಾಯಾಗ ಅಂತಿದ್ರು. ನೀ ಸಾಲಿ ಕಲತು ಬಂದು ಬರದು ಇಡಾಕತ್ತಿ."

ಜ್ಯೋತಿ ಬೆಳಕು, ಕೋನ, ಬೂದು ಎಂದು ಹೇಳಬಹುದಿತ್ತು. ಹೇಳಿದರೆ ತನಗೇ ಸುಳ್ಳೆನ್ನಿಸುತ್ತಿತ್ತು.

"ಮತ್ತ ಇದನ್ನ ಬಳ್ಳಾರಿಗೆ ಒಯ್ತೀ. ಎಲ್ಲಾರಿಗೂ ತೋರಸ್ತೀ."

"ಒಬ್ಬ ಮೇಡಂಗ ಅಷ್ಟ."

"ಒಬ್ಬಾಕಿ ಸಾಕಲ್ಲ. ತಿಳಿ ಮಾಡು. ಮಾಡಲಿಲ್ಲ ಅಂದ್ರ ಇನ್ನೊಮ್ಮಿ ನನ್ನ ಮುಂದ ಈ ಡಬ್ಬಿ ತರಬ್ಯಾಡ."

ಟೆಂಪೋ ಬರುವ ಹೊತ್ತಾಗಿತ್ತು. ಜ್ಯೋತಿ ಎಲ್ಲದರ ಮೇಲೆ ಒಂದು ಹೊಸ ಪದರ ಹಾಸಿ ಅದರಲ್ಲಿ ಮುಖವನ್ನು ಬೆಳ್ಳಗೆ ಮಾಡಿದಳು. ಅಂಗಡಿಯ ಕೆಲಸ, ಐದು ನಿಮಿಷಕ್ಕೆ ಮುಗಿಯಿತು. ಬಳ್ಳಾರಿಗೆ ಹೋಗಿ ಆ ಒಂದು ಪದರ ತೆಗೆದುಬಿಟ್ಟರೆ ಕೆಳಗಿನದು ಹಾಗೇ ಇರುತ್ತದೆ. ಅವ್ವನಿಗೂ ಸಮಾಧಾನ, ಮೇಡಂಗೂ ಚಿತ್ರ. ಈ ಉಪಾಯಕ್ಕೆ ಅವಳು ಒಳಗೊಳಗೇ ಹಿಗ್ಗಿದಳು ಕೂಡ. ಬೆಳ್ಳಗಾದ ಮುಖ ತಿರುಗಿಸಿ ತೋರಿಸಿದಳು.

ಹಂಪಮ್ಮ ಬಗ್ಗಿ ನೋಡಿದಳು. ಮುಖದ ಬಿಗಿ ಇಳಿಯಿತು.

"ಇನ್ನೊಂದು ಚೂರು," ಅಂದಳು. ಆಮೇಲೆ, "ಹಾಂ. ಈಗ ಆತು."

"ಈಗ ಹಂಪಿ ಕಂಡ್ಲು ನೋಡು," ಅಂದಳು ಗಂಗಕ್ಕ.

ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ಜ್ಯೋತಿ ತಿರುಗಿ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಎಡಗೈ ಅಂಗಡಿಯಲ್ಲಿ ದಿನವೂ ಮಾಡುವುದನ್ನು ಮಾಡಿತು. ಪದರಗಳನ್ನೆಲ್ಲ ಸೇರಿಸಿ ಒಂದು ಮಾಡಿತು, ಉಳಿಸಿತು, ಮುಚ್ಚಿತು. ಅವಳು ಲ್ಯಾಪ್‌ಟಾಪ್ ಮಡಚಿ, ಅವ್ವ ಕೊಟ್ಟ ರೊಟ್ಟಿ ಬುತ್ತಿ ಮೇಲಿಟ್ಟು, ಓಡಿದಳು.

ಸೋಮವಾರ ಬೆಳಿಗ್ಗೆ ಮೇಡಂ ಪಕ್ಕದಲ್ಲಿ ನಿಂತಿರುವಾಗಲೇ ಫೈಲು ತೆರೆದಳು. ಬೆಳ್ಳಗಿನ ಹಂಪಮ್ಮ ಬಂದಳು.

"ಒಂದು ನಿಮಿಷ ಮೇಡಂ, ಮೇಲಿಂದು ತೆಗೀಬೇಕು," ಎನ್ನುತ್ತ ಪದರಗಳ ಪಟ್ಟಿಯ ಕಡೆ ಪೆನ್ನು ಒಯ್ದಳು. ಪಟ್ಟಿಯಲ್ಲಿ ಒಂದೇ ಒಂದು ಪದರವಿತ್ತು.

ಕೆಳಗೆ ಸರಿಸಿ ನೋಡಿದಳು. ಮೇಲೆ ಸರಿಸಿ ನೋಡಿದಳು. ಮುಚ್ಚಿ ಮತ್ತೆ ತೆರೆದಳು. ಬೇರೆ ಫೈಲಿರಬಹುದೆಂದು ಹುಡುಕಿದಳು. ಹಿಂದಕ್ಕೆ ಹೋಗುವ ಕೀಲಿ ಒತ್ತಿದಳು. ಹಿಂದೆ ಏನೂ ಇರಲಿಲ್ಲ. ನಿನ್ನೆ ಹಾರ್ನ್ ಹೊಡೆದದ್ದು, ಅವ್ವ 'ಆತು' ಅಂದದ್ದು ನೆನಪಾಯಿತು. ತನ್ನ ಎಡಗೈ ನೋಡಿಕೊಂಡಳು. ಕಡಿದು ಹಾಕಬೇಕೆನ್ನಿಸಿತು.

"ಏನಾತು?" ಅಂದರು ಮೇಡಂ.

ಹೇಳಿದಳು. ಅಂಗಡಿಯ ಕಾಯಿದೆಯನ್ನೂ ಹೇಳಿದಳು. ಹೇಳುತ್ತ ಹೋದಂತೆ ತನಗೇ ಅದು ನೆಪದ ಹಾಗೆ ಕೇಳಿಸಿತು.

ಮೇಡಂ ಪರದೆಗೆ ಬಗ್ಗಿದರು. "ಇದು ಫೋಟೋ ಮ್ಯಾಲ ಫಿಲ್ಟರ್ ಓಡಿಸಿದಂಗ ಐತಿ."

"ಅಲ್ಲ ಮೇಡಂ. ಬರದೀನಿ."

"ಬರದಿದ್ದು ಎಲ್ಲೈತಿ?"

"ಹೋತು."

"ಫೋನಿನಾಗ ಫೋಟೋ ತಗೊಂಡಿಲ್ಲೇನು?"

"ಇಲ್ಲ."

"ಯಾರರ ನೋಡ್ಯಾರೇನು ಅದನ್ನ?"

"ನಮ್ಮವ್ವ ನೋಡ್ಯಾಳ. ನೋಡಿ ಬೈದಾಳ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಹಚ್ಚು ಫೋನು. ನಾ ಮಾತಾಡ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ."

ಹಂಪಮ್ಮ ಗದ್ದೆಯಲ್ಲಿದ್ದಳು. ಹಿಂದೆ ಹೆಂಗಸರ ಮಾತು ಕೇಳಿಸುತ್ತಿತ್ತು. ಮೇಡಂ ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಮಾಡಿ, "ಅಮ್ಮಾ, ನಾನು ಜ್ಯೋತಿಗೆ ಪಾಠ ಹೇಳಾಕಿ. ನಿನ್ನಿ ನಿಮ್ಮ ಚಿತ್ರ ಬರದಿದ್ಲಂತಲ್ಲ, ಹೆಂಗಿತ್ರಿ?" ಅಂದರು.

"ಯವ್ವಾ, ಅದನ್ನ ಕೇಳಬ್ಯಾಡ್ರಿ," ಅಂದಳು ಹಂಪಮ್ಮ. ಕೇಳುವವರು ಸಿಕ್ಕಿದ್ದಕ್ಕೆ ಧ್ವನಿ ಏರಿತು. "ಮೊದಲ ಬರದಿದ್ಲಲ್ಲ, ಅದು ಮನುಷ್ಯಾರ ಮುಖನ ಅಲ್ರಿ. ಈ ಕಡಿ ಗಲ್ಲ ಒಂದ ಚಲೋ ಇತ್ತು. ಆ ಕಡಿ ಗಲ್ಲ ಪೂರ್ತಿ ಕಪ್ಪು. ಮೂಗಿನ ನಡುವ ಗೆರಿ ಕೊಯ್ದಂಗ, ಅರ್ಧ ಬೆಳಕು, ಅರ್ಧ ಕತ್ತಲಿ. ಕಣ್ಣು ಬಾವಿಯಾಗ ಬಿದ್ದಂಗ."

"ಆ ಕಡಿ ಕಿವಿ ಹೆಂಗ ಇತ್ರಿ?"

"ಕಿವಿ ಎಲ್ಲೈತ್ರಿ? ಕಿವೀನ ಇರಲಿಲ್ಲ. ಕಿವಿ ಇಲ್ಲದ ವಾಲಿ ಒಂದ ಮಿಣಮಿಣ ಅಂತಿತ್ತು. ನಾ ಏನು ದೆವ್ವ ಏನ್ರಿ?"

ಮೇಡಂ ನಗಲಿಲ್ಲ. ಸ್ವಲ್ಪ ಮುಂದೆ ಬಗ್ಗಿದರು. "ಗದ್ದದ ಕೆಳಗೂ ಕಪ್ಪೇನ್ರಿ ಅಮ್ಮಾ?"

"ಅಲ್ಲೊಂದು ಸ್ವಲ್ಪ ಬಿಟ್ಟಿದ್ಲು. ಬೂದಿ ಹಚ್ಚಿದಂಗ. ಎಲ್ಲಿ ಬೆಳ್ಳಗ ಬೇಕೋ ಅಲ್ಲಿ ಮಾಡಲಿಲ್ಲ, ಗದ್ದದ ಕೆಳಗ ಮಾಡಿದ್ರ ಯಾರು ನೋಡ್ತಾರ್ರಿ? ನಾನ ಬೈದು ಸರಿ ಮಾಡಿಸೀನಿ. ಈಗ ಚಲೋ ಐತಲ್ರಿ?"

"ಐತ್ರಿ," ಅಂದರು ಮೇಡಂ. ಫೋನು ಇಟ್ಟರು.

ಪರದೆಯ ಮೇಲಿನ ಬೆಳ್ಳಗಿನ ಮುಖವನ್ನು ಇನ್ನೊಮ್ಮೆ ನೋಡಿದರು.

"ಗದ್ದದ ಕೆಳಗಿನ ಬೆಳಕು ಯಾವ ಫಿಲ್ಟರೂ ಹಾಕಂಗಿಲ್ಲ," ಅಂದರು ಮೇಡಂ. "ನೀ ಬರದಿದ್ದು ಖರೆ. ನಂಬಿದೆ. ಆದ್ರ ನಂಬಿಕಿಗೆ ನಾ ಮಾರ್ಕ್ಸ್ ಹಾಕಾಕ ಬರಂಗಿಲ್ಲ. ಮಧ್ಯಾಹ್ನದ ಬ್ಯಾಚು ಎರಡಕ್ಕ ಬರ್ತೈತಿ. ಅಲ್ಲೀ ತನಕ ಈ ಮಷೀನು ನಿನ್ನದು."

"ಅವ್ವ ಇಲ್ಲದ ಹೆಂಗ ಬರೀಲಿ ಮೇಡಂ?"

"ನಿನ್ನಿ ನೋಡೀಯಲ್ಲ?"

ಜ್ಯೋತಿ ಕೂತಳು. ನೋಡಿದ್ದು ನಿಜ. ಆದರೆ ನಿನ್ನೆ ಗಲ್ಲ ಎದುರಿಗಿತ್ತು, ಕಂಡಷ್ಟು ಹಾಕಿದ್ದಳು. ಇವತ್ತು ಖಾಲಿ ಬೂದು ಪರದೆ. ಹಣೆ ಎಷ್ಟು ಅಗಲ, ಕಣ್ಣಿಗೂ ಮೂಗಿಗೂ ಎಷ್ಟು ದೂರ, ಏನೂ ತಾಳೆಯಾಗಲಿಲ್ಲ. ಇಪ್ಪತ್ತು ವರ್ಷ ನೋಡಿದ ಮುಖ ಕೈಗೆ ಬರದೆ ಸತಾಯಿಸಿತು. ಮೂರು ಸಲ ಬರೆದು ಮೂರು ಸಲ ಒರೆಸಿದಳು. ಒಂದು ಸಲ ಗಂಗಕ್ಕ ಬಂದಳು, ಒಂದು ಸಲ ಯಾರೂ ಅಲ್ಲದವಳು. ಪೆನ್ನು ಎಸೆಯಬೇಕೆನ್ನಿಸಿತು, ಪೆನ್ನು ತರಗತಿಯದು.

ಆಕಾರ ಬಿಟ್ಟು ನೆರಳಿನಿಂದ ಶುರು ಮಾಡಿದಳು. ಬಾಗಿಲು ಬಲಕ್ಕಿದೆ. ಹಾಗಾದರೆ ಮೂಗಿನ ಎಡಕ್ಕೆ ಕತ್ತಲು. ಹುಬ್ಬಿನ ಮೂಳೆ ಮುಂದಿದೆ, ಕಣ್ಣಿನ ಗುಳಿ ಒಳಗಿದೆ, ಅಲ್ಲಿ ಬೆಳಕು ಹೋಗುವುದಿಲ್ಲ. ಸೀರೆ ಹಳದಿ, ಬೆಳಕನ್ನು ತಿರುಗಿ ಹೊಡೆಯುತ್ತದೆ, ಗದ್ದದ ಕೆಳಗೆ ಸ್ವಲ್ಪ ಬಿಡಬೇಕು. ಕಾಣದ್ದನ್ನು ಲೆಕ್ಕ ಹಾಕಿ ಹಾಕಿ ಕೂರಿಸಿದಳು. ಎಡಗೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡೇ ಇತ್ತು. ಊಟಕ್ಕೆ ಏಳಲಿಲ್ಲ. ಮೆಟ್ಟಿಲ ಮೇಲೆ ಮಧ್ಯಾಹ್ನದವರ ಚಪ್ಪಲಿ ಸದ್ದು ಕೇಳಿಸುವಾಗ ಇನ್ನೂ ಕುತ್ತಿಗೆ ಮುಗಿದಿರಲಿಲ್ಲ.

ಮೇಡಂ ಪದರಗಳನ್ನು ಒಂದೊಂದಾಗಿ ಮುಚ್ಚಿ, ತೆರೆದು ನೋಡಿದರು.

"ಮೂಗು ಸೊಟ್ಟ ಐತಿ."

"ಹೂಂ."

"ಎರಡು ಕಣ್ಣು ಒಂದ ಮನಿವು ಅಲ್ಲ."

"ಗೊತ್ತೈತಿ ಮೇಡಂ."

"ಬೆಳಕು ಸರಿ ಐತಿ. ಎಲ್ಲೂ ತಪ್ಪಿಲ್ಲ." ಮೇಡಂ ಎದ್ದರು. "ಪಾಸ್. ದಾಟೀದಿ ಅಷ್ಟ, ಬಾಳ ಹಿಗ್ಗಬ್ಯಾಡ. ಸೀಟು ನಿಂದ. ಬರೋ ವಾರ ಬಣ್ಣ ಶುರು. ಮುಖದ ಬಣ್ಣನ ಮೊದಲು. ನಿಮ್ಮವ್ವನ್ನ ಮತ್ತ ಕುಂದ್ರಿಸಿಕೋ."

ಹಿಗ್ಗು ಬರಲಿಲ್ಲ. "ನಿನ್ನಿದು ಇದಕ್ಕಿಂತ ಬಾಳ ಚಲೋ ಇತ್ತು ಮೇಡಂ," ಅಂದಳು.

"ಇದ್ದಿರಬೇಕು. ನಾ ನೋಡಿಲ್ಲ. ಎದ್ದೇಳು, ಮಷೀನು ಬೇಕು ಅವರಿಗೆ."

ಕೆಳಗೆ ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ಹಂಪಮ್ಮ ಫೋನ್ ಮಾಡಿದಳು. ಗದ್ದೆಯಿಂದ ಮನೆಗೆ ನಡೆಯುತ್ತಿದ್ದಳೆಂದು ಕಾಣುತ್ತದೆ, ಉಸಿರು ಕೇಳಿಸುತ್ತಿತ್ತು.

"ಸೀಟು ಕೊಟ್ರೇನು?"

"ಕೊಟ್ರು."

"ಬೆಳ್ಳಗಿರೋದಕ್ಕೋ, ಕರಿದಕ್ಕೋ?"

"ಕರಿದಕ್ಕ."

ಆಚೆ ಹಂಪಮ್ಮನ ನಡಿಗೆಯ ಸದ್ದು ನಿಂತಿತು.

"ಆ ಮೇಡಂ ಬೆಳ್ಳಗ ಅದಾಳೇನು?"

"ಹೂಂ. ಬೆಳ್ಳಗ ಅದಾರ."

"ಅದಕ್ಕ ಮತ್ತ," ಅಂದಳು ಹಂಪಮ್ಮ.

"ಅವ್ವಾ, ಹಂಗಲ್ಲ. ಬರೋ ಭಾನುವಾರ ಮತ್ತ ಬರ್ತೀನಿ. ಈ ಸಲ ಬಣ್ಣದಾಗ ಬರೀಬೇಕು."

"ಗಂಗಕ್ಕನ್ನ ಕುಂದ್ರಿಸಿಕೋ. ಆಕಿ ಎಣ್ಣಿಗೆಂಪು ಅದಾಳ, ನಿಮ್ಮ ಮೇಡಂಗ ತೋರಸಾಕ ಚಲೋ."

"ನೀನ ಬೇಕು."

"ಬಣ್ಣದಾಗ ನಾ ಹೆಂಗ ಇರಬೇಕು ಅಂತ ಯಾರು ಹೇಳ್ತಾರ? ನೀನೋ, ಆಕಿನೋ?"

ರಸ್ತೆಯ ಆಚೆಯಿಂದ ಆಟೋದವನು "ಕೌಲ್ ಬಜಾರ್, ಕೌಲ್ ಬಜಾರ್" ಎಂದು ಕೂಗುತ್ತಿದ್ದ.

"ಹೇಳ್ಲೇ," ಅಂದಳು ಹಂಪಮ್ಮ.

"ನೀನ ಹೇಳು," ಅಂದಳು ಜ್ಯೋತಿ.

"ಮೊದಲ ಪೌಡರ್ ಒರಸು ಅನ್ನಬ್ಯಾಡ. ಆಮ್ಯಾಲ ನೋಡಾಣ," ಎಂದು ಹಂಪಮ್ಮ ಫೋನು ಇಟ್ಟಳು.